ಮಜ್ಜಿಗೆ ಬಿಟ್ಟ ಮೇಲೆ ಊಟ ಮುಗಿಸೋದು ಹೇಗೆ?

ಓದುಗರ ಪ್ರಶ್ನೆ: ನನಗೆ 27 ವರ್ಷ. ಪೆರ್ಲದ ಹತ್ತಿರ ಮನೆ. ಕೆಲಸಕ್ಕೆ ಅಂತ ವಾರಕ್ಕೆ ಎರಡು-ಮೂರು ದಿನ ಕಾಸರಗೋಡು ಪೇಟೆಗೆ ಹೋಗುತ್ತೇನೆ. ನಾಲ್ಕು ತಿಂಗಳಿನಿಂದ ಹಾಲು, ಮೊಸರು, ತುಪ್ಪ, ಜೇನು ಎಲ್ಲ ಬಿಟ್ಟು ವೀಗನ್ ಆಗಿದ್ದೇನೆ. ಮನಸ್ಸಿಗೆ ಸಮಾಧಾನ ಇದೆ, ಊಟದಲ್ಲಿ ಮಾತ್ರ ಖುಷಿ ಇಲ್ಲ. ಮನೆಯಲ್ಲಿ ಅನ್ನ, ಸಾಂಬಾರು, ಉಪ್ಪಿನಕಾಯಿ ಇಷ್ಟೇ. ಹೋಟೆಲಿನಲ್ಲಿ ಇಡ್ಲಿ ಬಿಟ್ಟು ಬೇರೆ ಕೇಳಲು ಹೆದರಿಕೆ. ತೂಕ ಮೂರು ಕಿಲೋ ಇಳಿದಿದೆ. ಹಟ್ಟಿಯಲ್ಲಿ ಒಂದು ದನ ಇದೆ, ನಾನು ಹಾಲು ಮುಟ್ಟುವುದಿಲ್ಲ ಅಂತ ಅಮ್ಮನಿಗೆ ಬೇಜಾರು. ನಾನೇ ಸೊಪ್ಪು ಬೆಳೆಯೋಣ ಅಂತ ಕಳೆದ ಜೂನ್‌ನಲ್ಲಿ ಹರಿವೆ ಬಿತ್ತಿದೆ, ಎಲ್ಲ ಕೊಳೆತು ಹೋಯಿತು. ಇದನ್ನು ಸಂತೋಷದಿಂದ ಮಾಡೋದು ಹೇಗೆ?

ಉತ್ತರ:

ಮೊದಲು ತೂಕದ ವಿಷಯ. ಮೂರು ಕಿಲೋ ಇಳಿಯಲು ಕಾರಣ ವೀಗನ್ ಊಟ ಅಲ್ಲ. ನೀವು ತಟ್ಟೆಯಿಂದ ನಾಲ್ಕು ಸಾಮಾನು ತೆಗೆದಿದ್ದೀರಿ, ಆ ಜಾಗಕ್ಕೆ ಏನನ್ನೂ ಇಟ್ಟಿಲ್ಲ. ದಿನಕ್ಕೆ ಎರಡು ಲೋಟ ಹಾಲು, ಮಧ್ಯಾಹ್ನ-ರಾತ್ರಿ ಮೊಸರು ಅಥವಾ ಮಜ್ಜಿಗೆ, ಅನ್ನಕ್ಕೆ ಎರಡು ಚಮಚ ತುಪ್ಪ ಅಂತ ಲೆಕ್ಕ ಹಾಕಿದರೆ ಐನೂರು ಕ್ಯಾಲರಿ ಸುಲಭವಾಗಿ ದಾಟುತ್ತದೆ, ಜೊತೆಗೆ ಇಪ್ಪತ್ತು ಗ್ರಾಂ ಹತ್ತಿರ ಪ್ರೋಟೀನ್. ಅದೆಲ್ಲ ಹೋಗಿ ಬರೀ ಅನ್ನ-ಸಾಂಬಾರು ಉಳಿದರೆ ಸೊರಗದೆ ಇನ್ನೇನು? ಹಾಗಾಗಿ ನಿಮ್ಮ ಮೂರು ಪ್ರಶ್ನೆಗೂ, ಅಂದರೆ ಅಡುಗೆ, ಹೋಟೆಲು, ಸೊಪ್ಪು ಮೂರಕ್ಕೂ, ನನ್ನ ಉತ್ತರ ಒಂದೇ ಕಡೆಯಿಂದ ಶುರುವಾಗುತ್ತದೆ. ಬಿಟ್ಟದ್ದು ಏನು ಕೆಲಸ ಮಾಡುತ್ತಿತ್ತು ಅಂತ ನೋಡಿ, ಆ ಕೆಲಸಕ್ಕೆ ನಮ್ಮೂರಿನದ್ದೇ ಬೇರೆ ಏನಿದೆ ಅಂತ ಹುಡುಕಿ.

ಬೆಂಗಳೂರಿನ ಅಂಗಡಿಯಿಂದ ಬಾದಾಮಿ ಹಾಲು, ವೀಗನ್ ಚೀಸ್ ತರಿಸಬೇಕು ಅಂತ ನಿಮಗೆ ಯಾರಾದರೂ ಹೇಳಿರಬಹುದು. ಬೇಕಿದ್ದರೆ ತಿನ್ನಿ, ಆದರೆ ಪೆರ್ಲದಲ್ಲಿ ಕೂತವರಿಗೆ ಅದು ಬೇಕಾಗಿಯೇ ಇಲ್ಲ. ವೀಗನ್ ಅನ್ನುವ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿಯ ಅಡುಗೆಯಲ್ಲಿ ಬೆಣ್ಣೆ, ಹಾಲು, ಚೀಸ್ ತೆಗೆದರೆ ಉಳಿಯುವುದು ಕಡಿಮೆ, ಅವರು ಬದಲಿ ಹುಡುಕಲೇಬೇಕು. ನಮ್ಮ ಕರಾವಳಿ ಅಡುಗೆಯ ಬೆನ್ನೆಲುಬು ತೆಂಗಿನಕಾಯಿ. ನೀರುದೋಸೆ, ಪತ್ರೊಡೆ, ಕೊಟ್ಟಿಗೆ (ಎಲೆಯಲ್ಲಿ ಬೇಯಿಸುವ ಕಡುಬು), ಗೆಣಸಲೆ, ಪುನರ್ಪುಳಿ (ಕೋಕಂ) ಸಾರು, ಹುರುಳಿ ಸಾರು, ಮೆಣಸ್ಕಾಯಿ, ಬಾಳೆದಿಂಡಿನ ಪಲ್ಯ, ಉಪ್ಪುಸೊಳೆಯ ರೊಟ್ಟಿ, ಬಸಳೆ-ಹಲಸಿನ ಬೀಜದ ಕೊದಿಲು ಇವು ಯಾವುದರಲ್ಲೂ ಹಾಲಿನ ಹನಿ ಇಲ್ಲ. ಅಜ್ಜಿಯ ಕಾಲದಿಂದ ಹಾಗೆಯೇ ಇದೆ. ನಿಮ್ಮ ಮನೆಯಲ್ಲೂ ಇದೆಲ್ಲ ಆಗುತ್ತದೆ, ಅಲ್ವಾ? ಹಾಗಿದ್ದೂ ನೀವು ಅನ್ನ-ಸಾಂಬಾರು-ಉಪ್ಪಿನಕಾಯಿ ಅಂತ ಬರೆದದ್ದು ಓದಿ ನನಗೆ ಬೇಸರವೇ ಆಯಿತು.

ಸರಿ, ಗಂಟು ಎಲ್ಲಿದೆ ಅಂತ ಹೇಳುತ್ತೇನೆ. ಹಾಲಲ್ಲೂ ಅಲ್ಲ, ತುಪ್ಪದಲ್ಲೂ ಅಲ್ಲ, ಮಜ್ಜಿಗೆಯಲ್ಲಿ. ನಮ್ಮ ಕಡೆ ಊಟ ಅಂದರೆ ಕೊನೆಗೆ ಮಜ್ಜಿಗೆ ಆಗಲೇಬೇಕು. ಅದು ಇಲ್ಲದಿದ್ದರೆ ಹೊಟ್ಟೆ ತುಂಬಿದರೂ ಊಟ ಮುಗಿದ ಹಾಗೆ ಅನಿಸುವುದಿಲ್ಲ. ಅದರ ಮೇಲೆ ತಂಬುಳಿ, ಮೇಲಾರ, ಸಾಸಮೆ, ಅವಿಲು, ಹೀಗೆ ಖುಷಿ ಕೊಡುವ ಪದಾರ್ಥಗಳಿಗೆಲ್ಲ ಹುಳಿ ಬರುವುದು ಮೊಸರು-ಮಜ್ಜಿಗೆಯಿಂದ. ನಾನು ಒಂಬತ್ತು ವರ್ಷದ ಹಿಂದೆ ಬಿಟ್ಟಾಗ ನನಗೂ ಕಷ್ಟವಾದದ್ದು ಇದೊಂದೇ.

ಆದರೆ ಹುಳಿಗೆ ನಮ್ಮೂರಲ್ಲಿ ಬರ ಉಂಟಾ? ಬಿಂಬುಳಿ ಮರದ ಬುಡದಲ್ಲಿ ಉದುರಿ ಕೊಳೆಯುತ್ತಿರುತ್ತದೆ. ಧಾರೆಹುಳಿ, ಅಂಬಟೆ, ಮಾವಿನಕಾಯಿ, ಹುಣಸೆ, ಪುನರ್ಪುಳಿ, ಲಿಂಬೆ ಎಲ್ಲವೂ ಹಿತ್ತಿಲಲ್ಲೇ ಇವೆ. ಒಂದೊಂದರ ಹುಳಿಯೂ ಬೇರೆ. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಕಲಿತರೆ ಸಾಕು.

ತಂಬುಳಿಯಿಂದಲೇ ಶುರು ಮಾಡಿ. ಒಂದು ಹಿಡಿ ಒಂದೆಲಗ ತೊಳೆದು, ಅರ್ಧ ಕಪ್ ಕಾಯಿತುರಿ, ಕಾಲು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಬಿಂಬುಳಿ, ಉಪ್ಪು ಹಾಕಿ ನುಣ್ಣಗೆ ಅರೆಯಿರಿ. ಆಮೇಲೆ ಬೇಕಾದಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಇದನ್ನು ಕುದಿಸುವುದು ಬೇಡ. ಬಿಂಬುಳಿ ಇಲ್ಲದ ದಿನ ಲಿಂಬೆರಸ, ಅದನ್ನೂ ಕೊನೆಗೆ ಹಿಂಡಿ. ಸೊಪ್ಪಿನ ತಂಬುಳಿಗೆ ಪುನರ್ಪುಳಿ ಹಾಕಬೇಡಿ, ಹಸಿರೂ ಕೆಂಪೂ ಸೇರಿ ಕೆಸರಿನ ಬಣ್ಣ ಬಂದು ತಿನ್ನುವ ಮನಸ್ಸೇ ಹೋಗುತ್ತದೆ. ಪುನರ್ಪುಳಿಗೆ ಸೊಪ್ಪಿಲ್ಲದ ಬಿಳಿ ತೆಂಗಿನ ಹಾಲೇ ಸರಿ. ಏಳೆಂಟು ಒಣ ಸಿಪ್ಪೆ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ, ಆ ನೀರನ್ನು ತೆಂಗಿನ ಹಾಲಿಗೆ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಹಾಕಿದರೆ ಗೋವೆಯವರ ಸೋಲ್ ಕಢಿ ಆಯಿತು. ಬಣ್ಣ ಗುಲಾಬಿ, ಹೊಟ್ಟೆಗೆ ತಂಪು. ಮಧ್ಯಾಹ್ನದ ಕೊನೆಯ ತುತ್ತಿಗೆ ನಾನು ಹೆಚ್ಚಾಗಿ ಇದನ್ನೇ ಹಾಕಿಕೊಳ್ಳುವುದು.

ಇನ್ನು ಮಜ್ಜಿಗೆಯೇ ಬೇಕು ಅನ್ನುವ ದಿನಕ್ಕೆ ನೆಲಗಡಲೆ ಮೊಸರು ಮಾಡಿ. ಒಂದು ಲೋಟ ನೆಲಗಡಲೆ ಎಂಟು ಗಂಟೆ ನೆನೆಸಿ, ಸಿಪ್ಪೆ ತೆಗೆದು, ಮೂರು ಲೋಟ ನೀರಲ್ಲಿ ಅರೆದು ಬಟ್ಟೆಯಲ್ಲಿ ಸೋಸಿ. ಆ ಹಾಲನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಬಿಡದೆ ತಿರುಗಿಸುತ್ತಾ ಕುದಿಸಿ, ಇಲ್ಲವಾದರೆ ತಳ ಹಿಡಿಯುತ್ತದೆ. ಬೆರಳು ಅದ್ದಿದರೆ ಬೆಚ್ಚಗೆ ಅನಿಸುವಷ್ಟು ತಣಿದ ಮೇಲೆ ಎಂಟು-ಹತ್ತು ಹಸಿಮೆಣಸಿನ ತೊಟ್ಟು ತೊಳೆದು ಹಾಕಿ ಮುಚ್ಚಿಡಿ. ಹೌದು, ಮೆಣಸಿನ ತೊಟ್ಟೇ. ಮೊಸರು ಮಾಡುವ ಬ್ಯಾಕ್ಟೀರಿಯಾ ಅದರ ಮೇಲೆ ತಾನಾಗಿಯೇ ಇರುತ್ತದೆ. ಹತ್ತು-ಹನ್ನೆರಡು ಗಂಟೆಗೆ ಹೆಪ್ಪಾಗುತ್ತದೆ, ಮಳೆಗಾಲದ ಚಳಿಗೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಮೊದಲ ಸಲ ನೀರುನೀರಾಗಿ ಬಂದರೆ ಬಿಸಾಡಬೇಡಿ, ಅದರಿಂದ ಎರಡು ಚಮಚ ತೆಗೆದು ಮುಂದಿನ ಸಲಕ್ಕೆ ಹೆಪ್ಪು ಹಾಕಿ. ಎರಡನೇ ಸಲದ್ದು ಗಟ್ಟಿ ಬರುತ್ತದೆ. ನೆಲಗಡಲೆಯ ವಾಸನೆ ಮೂಗಿಗೆ ಬಡಿದರೆ ಶುಂಠಿ, ಕರಿಬೇವು, ಹಸಿಮೆಣಸು ಜಜ್ಜಿ ಹಾಕಿ ಕಡೆಯಿರಿ, ಗೊತ್ತೇ ಆಗುವುದಿಲ್ಲ. ಮೇಲಾರಕ್ಕೂ ಅವಿಲಿಗೂ ಇದು ಚೆನ್ನಾಗಿ ಹೊಂದುತ್ತದೆ, ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು ಅಷ್ಟೆ. ಬಟ್ಟೆಯಲ್ಲಿ ಉಳಿದ ಹಿಂಡಿಯನ್ನು ದೋಸೆ ಹಿಟ್ಟಿಗೆ ಸೇರಿಸಿ.

ಇಲ್ಲಿ ಒಂದು ಎಚ್ಚರಿಕೆ. ತೆಂಗಿನ ಹಾಲು ಹಸುವಿನ ಹಾಲಿನ ಬದಲಿ ಅಲ್ಲ. ರುಚಿಗೆ ಬದಲಿ ಹೌದು, ಪೋಷಣೆಗೆ ಅಲ್ಲವೇ ಅಲ್ಲ. ತೆಂಗಿನ ಹಾಲಲ್ಲಿ ಬಹುಪಾಲು ಕೊಬ್ಬು. ಪ್ರೋಟೀನ್ ತೀರ ಕಮ್ಮಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಒಂದು ಲೋಟ ಹಸುವಿನ ಹಾಲಲ್ಲಿ ಆರೇಳು ಗ್ರಾಂ ಪ್ರೋಟೀನ್ ಇರುತ್ತದೆ. ನಮ್ಮೂರಿನ ವೀಗನ್‌ಗಳು ಸೋಲುವುದು ಇಲ್ಲೇ. ತೆಂಗಿನಕಾಯಿ ಧಾರಾಳ ಇದೆ, ಊಟ ರುಚಿಯಾಗಿದೆ, ಆದರೆ ಮಧ್ಯಾಹ್ನ ನಾಲ್ಕಕ್ಕೆ ಸುಸ್ತು. ಅದಕ್ಕೆ ಕಾಳು ಬೇಕು, ದಿನಕ್ಕೆ ಎರಡು ಹೊತ್ತಾದರೂ ಬೇಕು. ನಿಮ್ಮ ತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನ್ ಅಂತ ಇಟ್ಟುಕೊಂಡರೆ, ಅರುವತ್ತು ಕಿಲೋ ಇರುವವರಿಗೆ ಐವತ್ತು ಗ್ರಾಂ ಹತ್ತಿರ. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಇದೆ, ಹೆಸರು, ಉದ್ದು, ಅಲಸಂಡೆ ಬೀಜದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಒಂದು ದೊಡ್ಡ ಹಿಡಿ ನೆಲಗಡಲೆಯಲ್ಲಿ ಏಳೆಂಟು ಗ್ರಾಂ. ಉಳಿದದ್ದು ಅನ್ನ-ದೋಸೆಯಿಂದ ಬರುತ್ತದೆ. ತೆಳ್ಳಗಿನ ಸಾಂಬಾರಿನ ತಳದಲ್ಲಿ ಈಜುವ ನಾಲ್ಕು ಬೇಳೆಯನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ.

ಹಾಗಾದರೆ ಏನು ಮಾಡುವುದು? ಹೆಸರುಕಾಳು ಮೊಳಕೆ ಬರಿಸಿ ಕಾಯಿತುರಿ ಹಾಕಿ ಉಸ್ಲಿ. ಹುರುಳಿ ಬೇಯಿಸಿದ ಕಟ್ಟಿನಿಂದ ಸಾರು, ಕಾಳಿನಿಂದ ಬೆಳ್ಳುಳ್ಳಿ ಒಗ್ಗರಣೆಯ ಪಲ್ಯ. ಬಸಳೆ ಮಾಡಿದರೆ ಜೊತೆಗೆ ಒಂದು ಲೋಟ ಅಲಸಂಡೆ ಬೀಜ. ಬೆಳಿಗ್ಗೆ ಉದ್ದಿನ ದೋಸೆ, ಉದ್ದು ಸ್ವಲ್ಪ ಜಾಸ್ತಿ ಹಾಕಿ. ಕ್ಯಾಲ್ಸಿಯಂಗೆ ರಾಗಿ ಮತ್ತು ಎಳ್ಳು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000. ನಮ್ಮ ಮೆಣಸ್ಕಾಯಿಗೆ ಹೇಗೂ ಎಳ್ಳು ಹುರಿದು ಹಾಕುತ್ತೇವೆ, ಅದನ್ನು ಒಂದು ಚಮಚದಿಂದ ಮೂರು ಚಮಚಕ್ಕೆ ಏರಿಸಿ, ರುಚಿಯೂ ಹೆಚ್ಚುತ್ತದೆ. ಊಟದ ಜೊತೆ ಚಹಾ-ಕಾಫಿ ಕುಡಿಯಬೇಡಿ, ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ.

ತುಪ್ಪಕ್ಕೆ ಹೆಚ್ಚು ಹೇಳುವುದಿಲ್ಲ. ಬಿಸಿ ಅನ್ನಕ್ಕೆ ತುಪ್ಪದ ಬದಲು ಗಾಣದ ತೆಂಗಿನೆಣ್ಣೆ ಒಂದು ಚಮಚ, ಮೇಲೆ ಚಟ್ನಿಪುಡಿ. ಸಿಹಿಗಂತೂ ಹಾಲು ನೆನಪೇ ಆಗುವುದಿಲ್ಲ. ಒತ್ತುಶ್ಯಾವಿಗೆಗೆ ಬಾಳೆಹಣ್ಣಿನ ರಸಾಯನ, ಹೋಳಿಗೆಗೆ ಬೆಲ್ಲದ ಕಾಯಿಹಾಲು, ಹಲಸಿನ ಹಣ್ಣಿನ ಪಾಯಸ. ಗೋಡಂಬಿ ತುಪ್ಪದಲ್ಲಿ ಹುರಿಯುವ ಬದಲು ತೆಂಗಿನಕಾಯಿ ಚೂರು ತೆಂಗಿನೆಣ್ಣೆಯಲ್ಲಿ ಹುರಿದು ಹಾಕಿ, ಪಾಯಸಕ್ಕೆ ಅದೇ ಜಾಸ್ತಿ ಪರಿಮಳ.

ಈಗ ವಿಟಮಿನ್ ಬಿ12. ಇದೊಂದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡುವುದಿಲ್ಲ. ಯಾವ ಸೊಪ್ಪಿನಲ್ಲೂ, ಕಾಳಿನಲ್ಲೂ, ಹುದುಗಿದ ದೋಸೆ ಹಿಟ್ಟಿನಲ್ಲೂ ನಂಬಬಹುದಾದಷ್ಟು ಬಿ12 ಇಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿರುವ ಹೆಚ್ಚಿನ ಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬರದ ರೂಪ. ಬೇಕಾಗಿರುವುದು ದಿನಕ್ಕೆ ಎರಡು-ಎರಡೂವರೆ ಮೈಕ್ರೋಗ್ರಾಂ ಮಾತ್ರ, ಆದರೆ ಅದು ಬೇಕೇ ಬೇಕು. ಲಿವರ್ ಹಳೆಯ ದಾಸ್ತಾನನ್ನು ವರ್ಷಗಟ್ಟಲೆ ಕೊಡುತ್ತದೆ ಅಂತ ಜನ ಧೈರ್ಯದಲ್ಲಿರುತ್ತಾರೆ. ನಮ್ಮಲ್ಲಿ ಮೀನು-ಮೊಟ್ಟೆ ತಿನ್ನದ ಮನೆಯವರಿಗೆ ಆ ದಾಸ್ತಾನೇ ಮೊದಲಿನಿಂದ ಕಮ್ಮಿ. ಇನ್ನೊಂದು ಸೂಕ್ಷ್ಮ ಇದೆ. ಸೊಪ್ಪು ಜಾಸ್ತಿ ತಿನ್ನುವವರಿಗೆ ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್ ಧಾರಾಳ ಸಿಗುತ್ತದೆ, ಹಾಗಾಗಿ ರಕ್ತಹೀನತೆ ಎದ್ದು ಕಾಣುವುದಿಲ್ಲ, ಒಳಗಿಂದ ನರಗಳಿಗೆ ಮಾತ್ರ ಪೆಟ್ಟು ಬೀಳುತ್ತಾ ಇರುತ್ತದೆ. ಪಾದ ಜುಮ್ಮೆನ್ನುವುದು, ನಾಲಗೆ ಉರಿ, ಮರೆವು ಶುರುವಾಗುವ ತನಕ ಕಾಯಬೇಡಿ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದ ಮಾತ್ರೆ ಶುರು ಮಾಡಿ. ವಿಟಮಿನ್ ಡಿ ಕೂಡ ಅದೇ ರಕ್ತದಲ್ಲಿ ನೋಡಿಸಿಬಿಡಿ. ಮಾತ್ರೆ ತೆಗೆದುಕೊಂಡರೆ ವೀಗನ್ ಆಗಿದ್ದಕ್ಕೆ ಅರ್ಥ ಏನು ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಉಪ್ಪಿಗೆ ಅಯೋಡಿನ್ ಸೇರಿಸಿ ತಿನ್ನುತ್ತೇವಲ್ಲ, ಅದೇ ಥರ ಇದು.

ಹೋಟೆಲಿಗೆ ಬರೋಣ. ಕಾಸರಗೋಡಿನಲ್ಲಿ ನೀವು ಹೆದರಬೇಕಾದದ್ದು ಏನೂ ಇಲ್ಲ. ಒಂದೇ ಪೇಟೆಯಲ್ಲಿ ಉಡುಪಿ ಅಡುಗೆ, ಕೇರಳದ ಅಡುಗೆ ಎರಡೂ ಸಿಗುವ ಊರು ಇದು. ಬೆಳಿಗ್ಗೆಗೆ ನನ್ನ ಮೊದಲ ಆಯ್ಕೆ ಪುಟ್ಟು-ಕಡಲೆ. ಅಕ್ಕಿ ಹಿಟ್ಟು, ಕಾಯಿತುರಿ, ಕಪ್ಪು ಕಡಲೆಯ ಪದಾರ್ಥ. ಹೊಟ್ಟೆ ಗಟ್ಟಿಯಾಗುತ್ತದೆ, ಪ್ರೋಟೀನೂ ಸಿಗುತ್ತದೆ, ಇಡ್ಲಿಗಿಂತ ಎಷ್ಟೋ ಮೇಲು. ಇಡಿಯಪ್ಪ, ನೀರುದೋಸೆ ಕೂಡ ಸರಿ. ಮಸಾಲೆದೋಸೆಗೆ "ಎಣ್ಣೆಯಲ್ಲೇ ಮಾಡಿ, ಬೆಣ್ಣೆ-ತುಪ್ಪ ಬೇಡ" ಅಂತ ಮೊದಲೇ ಹೇಳಿ. ಉಪ್ಪಿಟ್ಟಿಗೆ ತುಪ್ಪ ಬೀಳುವುದುಂಟು, ಕೇಳಿ ನೋಡಿ. ಗೋಳಿಬಜೆಗೂ ಬನ್ಸಿಗೂ ಹಿಟ್ಟಲ್ಲೇ ಮೊಸರು ಇರುತ್ತದೆ, ರವೆ ಇಡ್ಲಿಗೂ ಹಾಗೆಯೇ, ಅವನ್ನು ಬಿಟ್ಟುಬಿಡಿ. ಪರೋಟದ ಹಿಟ್ಟಿಗೆ ಹಲವು ಕಡೆ ಮೊಟ್ಟೆ, ಹಾಲು ಹಾಕುತ್ತಾರೆ. ವೆಳ್ಳಯಪ್ಪಕ್ಕೆ ತೆಂಗಿನ ಹಾಲೋ ದನದ ಹಾಲೋ ಅಂತ ವಿಚಾರಿಸಬೇಕು. ಸಂಜೆಗೆ ಪರಿಪ್ಪುವಡೆ, ಉಳ್ಳಿವಡೆ, ಹೆಸರುಕಾಳು-ಬೆಲ್ಲದ ಸುಖಿಯನ್, ನೇಂದ್ರ ಬಾಳೆಹಣ್ಣಿನ ಪಳಂಪೊರಿ, ಜೊತೆಗೆ ಹಾಲಿಲ್ಲದ ಕಟ್ಟನ್ ಚಾಯ. ಮೀನು ಕಾಯಿಸಿದ ಎಣ್ಣೆಯಲ್ಲೇ ಕರಿಯುತ್ತಾರಾ ಅಂತ ಬಾಣಲೆ ನೋಡಿದರೆ ಗೊತ್ತಾಗುತ್ತದೆ, ಮನಸ್ಸು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಮಧ್ಯಾಹ್ನದ ಕೇರಳ ಊಟದಲ್ಲಿ ತೋರನ್, ಎರಿಶ್ಶೇರಿ, ಓಲನ್, ಕೂಟುಕರಿ, ಪುಳಿಇಂಜಿ, ಸಾಂಬಾರು, ರಸ ಸಾಮಾನ್ಯವಾಗಿ ನಿಮಗೆ ನಡೆಯುತ್ತವೆ. ಪುಳಿಶ್ಶೇರಿ, ಕಾಳನ್, ಪಚ್ಚಡಿ, ಮೋರು ಇವು ಮೊಸರಿನವು. ಅವಿಯಲ್ ಒಂದೊಂದು ಕಡೆ ಒಂದೊಂದು ಥರ, ಕೆಲವರು ಮೊಸರು ಹಾಕುತ್ತಾರೆ, ಕೆಲವರು ಮಾವಿನಕಾಯಿ. ಪಾಯಸದಲ್ಲಿ ಅಡಪ್ರಥಮನ್ ಬೆಲ್ಲ-ತೆಂಗಿನ ಹಾಲಿನದ್ದು, ಆದರೆ ಒಗ್ಗರಣೆ ತುಪ್ಪದ್ದು. ಪಾಲಡ ಪೂರ್ತಿ ಹಾಲಿನದ್ದು. ಕಡಿಮೆ ದುಡ್ಡಿಗೆ ಮನೆಯಂಥ ಊಟ ಬೇಕಿದ್ದರೆ ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರು ನಡೆಸುವ ಜನಕೀಯ ಹೋಟೆಲಿಗೆ ಹೋಗಿ. ಅಲ್ಲಿ ಮೀನು ಬೇರೆ ಕೇಳಿದವರಿಗೆ ಮಾತ್ರ, ಅಡುಗೆ ಮಾಡಿದವರೇ ಎದುರಿಗೆ ಇರುತ್ತಾರೆ, ಏನು ಹಾಕಿದ್ದು ಅಂತ ನೇರ ಕೇಳಬಹುದು.

ಕೇಳುವ ಕ್ರಮ ಮುಖ್ಯ. "ವೀಗನ್" ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. "ಹಾಲಿನ ಸಾಮಾನು ಬೇಡ" ಅಂದರೂ ಸಾಲದು. ಒಮ್ಮೆ ಒಂದು ಹೋಟೆಲಿನಲ್ಲಿ ಹಾಗೆ ಕೇಳಿದೆ, "ಹಾಲು ಇಲ್ಲ" ಅಂದರು, ಅರ್ಧ ತಿಂದ ಮೇಲೆ ಬೇಳೆಗೆ ತುಪ್ಪದ ಒಗ್ಗರಣೆ ಅಂತ ಗೊತ್ತಾಯಿತು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ತುಪ್ಪ ಹಾಲಲ್ಲ. ಅಂದಿನಿಂದ ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತೇನೆ. ಮಲಯಾಳದಲ್ಲಿ "ಪಾಲ್ ವೇಂಡ, ತೈರ್ ವೇಂಡ, ನೆಯ್ ವೇಂಡ, ಮುಟ್ಟ ವೇಂಡ", ಅಂದರೆ ಹಾಲು, ಮೊಸರು, ತುಪ್ಪ, ಮೊಟ್ಟೆ ಬೇಡ. ತುಳುವಿನಲ್ಲಿ "ಪೇರ್ ಬೊಡ್ಚಿ, ನೈ ಬೊಡ್ಚಿ", ಹಾಲು ಬೇಡ, ತುಪ್ಪ ಬೇಡ. ನಮ್ಮೂರಲ್ಲಿ ಮೂರು ಭಾಷೆ ಬಾಯಲ್ಲಿದ್ದರೆ ಮೂರು ಅಡುಗೆಮನೆಯ ಬಾಗಿಲು ತೆರೆದ ಹಾಗೆ. ನಗುತ್ತಾ ಕೇಳಿ, ಹೊಟ್ಟೆಗೆ ಆಗುವುದಿಲ್ಲ ಅಂತ ಸುಮ್ನೆ ನೆವ ಹೇಳಬೇಡಿ, ತಿನ್ನುವುದಿಲ್ಲ ಅಂದರೆ ಸಾಕು. ನಾಲ್ಕನೇ ಸಲ ಹೋಗುವಾಗ ಅವರೇ ನೆನಪಿಟ್ಟಿರುತ್ತಾರೆ.

ಪೊಟ್ಟಣದ ತಿಂಡಿಗೆ ಹಸಿರು ಚುಕ್ಕೆ ನಂಬಬೇಡಿ, ಹಾಲು-ಜೇನು ಇದ್ದರೂ ಹಸಿರು ಚುಕ್ಕೆಯೇ ಇರುತ್ತದೆ. 2022ರ ವೀಗನ್ ಆಹಾರ ನಿಯಮದ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೇರೆಯೇ ಗುರುತು ತಂದಿದೆ, ಹಸಿರು ಬಣ್ಣದ ವಿ ಅಕ್ಷರ, ಮೇಲೆ ಒಂದು ಸಣ್ಣ ಎಲೆ. ಅದು ಇಲ್ಲದಿದ್ದರೆ ಹಿಂದಿನ ಪಟ್ಟಿ ಓದಿ, ಹಾಲಿನ ಪುಡಿ, ಹಾಲಿನಿಂದಲೇ ಬರುವ ವೇ, ಕೇಸಿನ್ ಇದೆಯಾ ನೋಡಿ.

ಜೆಂಬ್ರದ, ಅಂದರೆ ಮದುವೆ-ಮುಂಜಿಯ ಊಟಕ್ಕೆ ಹೋದರೆ ಬಡಿಸುವವರಿಗೆ ಬೇಗ ಹೇಳಿ, ಅನ್ನದ ಮೇಲೆ ತುಪ್ಪ ಬೀಳುವ ಮೊದಲು. ಅಲ್ಲಿ ಸಾರು, ಕೊದಿಲು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಸಿಕ್ಕೇ ಸಿಗುತ್ತದೆ. ಯಾರದೋ ಮದುವೆಯಲ್ಲಿ ಅಡುಗೆಯವರನ್ನು ಕರೆದು ವಿಚಾರಣೆ ಮಾಡುವುದು ನನಗೆ ಹಿಡಿಸುವುದಿಲ್ಲ, ಒಂದು ಹೊತ್ತು ಎರಡು ಪದಾರ್ಥ ಕಮ್ಮಿ ಆದರೆ ಏನೂ ಆಗುವುದಿಲ್ಲ.

ಅಮ್ಮನ ವಿಷಯ. ಹಾಲು ಬೇಡ ಅಂತ ನೀವು ಅಂದಾಗ ಅವರಿಗೆ ಕೇಳಿಸಿದ್ದು "ನಿಮ್ಮ ಅಡುಗೆ ಬೇಡ" ಅಂತ. ಕಾಸರಗೋಡು ಗಿಡ್ಡ ದನ ಕೊಡುವುದೇ ಒಂದೆರಡು ಲೀಟರ್, ಅದನ್ನು ಮಗ-ಮಗಳು ಕುಡಿಯಲಿ ಅಂತಲೇ ಅವರು ಮುಂಜಾನೆ ಎದ್ದು ಹಟ್ಟಿಗೆ ಹೋಗುವುದು. ವಾದ ಮಾಡಿ ಗೆಲ್ಲಲು ಹೋಗಬೇಡಿ. ಅವರಿಗೆ ಗೊತ್ತಿರುವ, ಹಾಲಿಲ್ಲದ ಅಡುಗೆಗಳನ್ನು ಕೇಳಿ. ಪತ್ರೊಡೆಗೆ ಯಾವ ಕೆಸು ಆಗುತ್ತದೆ, ಯಾವುದು ಬಾಯಿ ತುರಿಸುತ್ತದೆ ಅಂತ ಯಾವ ಪುಸ್ತಕಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಅತ್ತೆ ಎರಡು ವರ್ಷ ಮುನಿಸಿಕೊಂಡಿದ್ದವರು, ನಾನು ಹಾಲಿಲ್ಲದ ತಂಬುಳಿಗೆ ಯಾವ ಹುಳಿ ಅಂತ ಕೇಳಿದ ದಿನ ಏಳು ಥರ ಹೇಳಿದರು.

ಈಗ ಸೊಪ್ಪು. ಜೂನ್‌ನಲ್ಲಿ ಬಯಲಿಗೆ ಹರಿವೆ ಬಿತ್ತಿದ್ದೇ ತಪ್ಪು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಎಳೆ ಹರಿವೆಯ ಮೇಲೆ ಆ ಹನಿ ಬಿದ್ದು ಮಣ್ಣು ಸಿಡಿದರೆ ಎಲೆಚುಕ್ಕೆ ರೋಗ ಬರುತ್ತದೆ, ಕೆಂಪು ಹರಿವೆಗಂತೂ ಬೇಗ. ಮಳೆಗಾಲಕ್ಕೆ ಮಳೆಗಾಲದ ಸೊಪ್ಪೇ ಇದೆ. ಕೆಸು ತಾನಾಗಿ ಬರುತ್ತದೆ. ತಗತೆ ಸೊಪ್ಪು, ತುಳುವರು ತಜಂಕ್ ಅನ್ನುವುದು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ದಾರಿಬದಿಯಲ್ಲಿ ಹುಲುಸಾಗಿರುತ್ತದೆ, ಅದರ ಎಳೆ ಕುಡಿಯ ಪಲ್ಯ, ಅಂಬಡೆ ಮಾಡಿ. ಒಂದೆಲಗ ತೇವ ಇದ್ದಲ್ಲಿ ಹಬ್ಬುತ್ತದೆ. ಬಸಳೆಯ ಗೇಣುದ್ದದ ಬಳ್ಳಿ ತುಂಡು ನೆಟ್ಟು ಬಾವಿಕಟ್ಟೆಯ ಹತ್ತಿರ ಚಪ್ಪರ ಹಾಕಿದರೆ ಮಳೆ ಮುಗಿಯುವಷ್ಟರಲ್ಲಿ ನೆರೆಮನೆಗೂ ಕೊಡುವಷ್ಟಾಗುತ್ತದೆ.

ಹರಿವೆ ಅಕ್ಟೋಬರ್ ಕೊನೆಗೆ ಬಿತ್ತಿ, ಮಳೆ ಇಳಿದ ಮೇಲೆ. ನಮ್ಮದು ಮುರಕಲ್ಲಿನ ಮಣ್ಣು, ಹುಳಿ ಮಣ್ಣು. ಬಿತ್ತುವ ಎರಡು ವಾರ ಮೊದಲು ಒಂದು ಸೆಂಟ್ಸಿಗೆ ಎರಡು-ಮೂರು ಕಿಲೋ ಡೋಲೊಮೈಟ್ ಹಾಕಿ ಅಗೆದು ಬಿಡಿ. ಪೇಟೆಯ ಹಳೆಯ ಥರದ ಸುಣ್ಣ ಕಡಲಿನ ಚಿಪ್ಪು ಸುಟ್ಟು ಮಾಡಿದ್ದು, ನಿಮಗೆ ಅದು ಬೇಡ ಅನಿಸಿದರೆ ಡೋಲೊಮೈಟ್ ಕಲ್ಲಿನಿಂದ ಬರುವಂಥದ್ದು. ಏರು ಮಡಿ ಮಾಡಿ. ಬೀಜ ಒಂದು ಸೆಂಟ್ಸಿಗೆ ಎಂಟು-ಹತ್ತು ಗ್ರಾಂ ಸಾಕು, ಸಾಸಿವೆಗಿಂತ ಸಣ್ಣದು, ಒಣ ಮರಳಿಗೆ ಬೆರೆಸಿ ಚೆಲ್ಲಿ. ಇರುವೆ ಹೊತ್ತುಕೊಂಡು ಹೋಗುತ್ತದೆ, ಮಡಿಯ ಸುತ್ತ ಒಂದು ಹಿಡಿ ರವೆ ಹಾಕಿ, ಅವು ರವೆಯ ಹಿಂದೆ ಬೀಳುತ್ತವೆ, ಅಷ್ಟರಲ್ಲಿ ಬೀಜ ಮೊಳೆಯುತ್ತದೆ. ಕೆಂಪು, ಹಸಿರು ಎರಡನ್ನೂ ಬೆರೆಸಿ ಬಿತ್ತಿದರೆ ಎಲೆಚುಕ್ಕೆ ಅಷ್ಟು ಹರಡುವುದಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ಅರುಣ್ ಅನ್ನುವ ಕೆಂಪು ತಳಿ ನಮ್ಮಲ್ಲಿ ಚೆನ್ನಾಗಿ ಬರುತ್ತದೆ. ನೀರು ಬುಡಕ್ಕೆ ಬಿಡಿ, ಎಲೆಯ ಮೇಲೆ ಎರಚಬೇಡಿ. ಇಪ್ಪತ್ತೈದು-ಮೂವತ್ತು ದಿನಕ್ಕೆ ಕೊಯ್ಯಬಹುದು. ಬೇರುಸಮೇತ ಕೀಳದೆ ಎರಡು ಗೆಣ್ಣು ಬಿಟ್ಟು ಕತ್ತರಿಸಿದರೆ ಎರಡು ವಾರದಲ್ಲಿ ಪುನಃ ಚಿಗುರುತ್ತದೆ. ಹದಿನೈದು ದಿನಕ್ಕೊಂದು ಸಣ್ಣ ಮಡಿ ಬಿತ್ತುತ್ತಾ ಹೋಗಿ, ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹಬ್ಬ, ಆಮೇಲೆ ಉಪವಾಸ. ಬೀಜಕ್ಕೆ ಪಂಚಾಯತಿನ ಕೃಷಿಭವನ ಕೇಳಿ, ಓಣಂ ಮೊದಲು ತರಕಾರಿ ಬೀಜದ ಪೊಟ್ಟಣ ಹಂಚುವ ಯೋಜನೆ ಇದೆ.

ಗೊಬ್ಬರದ ಪ್ರಶ್ನೆ ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ. ಹಟ್ಟಿಯ ಸಗಣಿ ಹಾಕಬಹುದಾ? ನನ್ನ ಅಭಿಪ್ರಾಯ ಹೇಳುತ್ತೇನೆ: ದನ ಮನೆಯಲ್ಲಿದೆ, ಸಗಣಿ ಹೇಗೂ ಬೀಳುತ್ತದೆ, ಮಣ್ಣಿಗೆ ಸೇರಲಿ. ಎಲುಬಿನ ಪುಡಿ, ಮೀನಿನ ಗೊಬ್ಬರ ದುಡ್ಡು ಕೊಟ್ಟು ತರುವುದು ಬೇಡ. ಸಗಣಿಯೂ ಬೇಡ ಅಂತಿದ್ದರೆ ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ಕಡಿದು ಮಡಿಗೆ ಹೊದಿಸಿ. ಒಂದು ಕಿಲೋ ನೆಲಗಡಲೆ ಹಿಂಡಿಯನ್ನು ಹತ್ತು ಲೀಟರ್ ನೀರಲ್ಲಿ ಐದು ದಿನ ಕೊಳೆಸಿ, ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಹಾಕಿ. ಒಲೆಯ ಬೂದಿ ಇದ್ದರೆ ಒಂದೊಂದು ಹಿಡಿ. ಹರಿವೆ ಇಷ್ಟಕ್ಕೇ ಮೊಣಕಾಲುದ್ದ ಬರುತ್ತದೆ.

ವಿಷ ಮಾತ್ರ ಹೊಡೆಯಬೇಡಿ. ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ನಾನು ಹೇಳಬೇಕಾ? ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ದೇಶದಲ್ಲಿ ನಿಷೇಧಿಸುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು ಅಂತ ನೀವು ಕಣ್ಣಾರೆ ಕಂಡವರು. ನಾನು ಸೊಪ್ಪು ಬೆಳೆಯಲು ಶುರು ಮಾಡಿದ್ದಕ್ಕೂ ಅದೇ ಕಾರಣ. ವೀಗನ್ ಆದದ್ದು ಆಮೇಲೆ.

ಒಂದೆರಡು ಸೊಪ್ಪಿನ ಬಗ್ಗೆ ಜಾಗ್ರತೆ. ಚಕ್ರಮುನಿಯನ್ನು ನಾವು ವಿಟಮಿನ್ ಸೊಪ್ಪು ಅನ್ನುತ್ತೇವೆ, ಬೇಲಿಗೆ ನೆಟ್ಟರೆ ವರ್ಷಪೂರ್ತಿ ಸಿಗುತ್ತದೆ, ಬೇಯಿಸಿ ಮಿತವಾಗಿ ತಿನ್ನಿ. ತೂಕ ಇಳಿಸಲು ಅಂತ ಅದರ ಹಸಿ ರಸ ದಿನಾ ಕುಡಿದು ತೈವಾನಿನಲ್ಲಿ 1990ರ ದಶಕದಲ್ಲಿ ಎಷ್ಟೋ ಜನರ ಶ್ವಾಸಕೋಶ ಸರಿಯಾಗದಷ್ಟು ಹಾಳಾಯಿತು. ಕೆಸುವನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ. ಹರಿವೆ, ಬಸಳೆಯಲ್ಲಿ ಆಕ್ಸಲೇಟ್ ಇದೆ, ಹಾಗಾಗಿ ಅವುಗಳ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಕಿಡ್ನಿಯಲ್ಲಿ ಕಲ್ಲಾದವರು ವೈದ್ಯರನ್ನು ಕೇಳಿ ತಿನ್ನಿ. ವಾರಕ್ಕೆ ಎರಡು ದಿನ ನುಗ್ಗೆ ಸೊಪ್ಪು ಇರಲಿ, ಅಂಗಳದ ಮೂಲೆಯಲ್ಲಿ ಒಂದು ಗೆಲ್ಲು ನೆಟ್ಟುಬಿಡಿ.

ಮುಂದಿನ ಮೂರು ತಿಂಗಳು ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಕಾಳು, ನೆಲಗಡಲೆ, ಎಳ್ಳು ಸೇರಿಸಿದ ಮೇಲೂ ಇಳಿಯುತ್ತಾ ಹೋದರೆ ಕಾರಣ ಊಟ ಅಲ್ಲದೆಯೂ ಇರಬಹುದು, ಥೈರಾಯ್ಡ್, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಬಿ12 ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಅಮ್ಮ ಯಾವ ಹುಳಿ ಹೇಳಿದರು ಅನ್ನುವುದನ್ನೂ.